ಹಿಂದೆ ಹೋಗದವನ ಹೊಸ ಕಾರು

ಅಂಗಡಿ ಮೆಟ್ಟಿಲು ಹತ್ತುವ ಗಿರಾಕಿಯನ್ನು ನಾನು ಎರಡೇ ನೋಟದಲ್ಲಿ ಅಳೆದುಬಿಡುತ್ತೇನೆ. ಮೊದಲ ನೋಟ ಚಪ್ಪಲಿಗೆ, ಎರಡನೆಯದು ಬೆನ್ನಿಗೆ. ನನ್ನದು ಹಾಸಿಗೆ ವ್ಯಾಪಾರ ನೋಡಿ! ಹೆಂಡತಿಯನ್ನು ಅಳೆಯಲು ಮಾತ್ರ ಹತ್ತೊಂಬತ್ತು ವರ್ಷ ಹಿಡಿಯಿತು. ಎತ್ತರ ಐದಡಿ ಎರಡಂಗುಲ. ಮೇಲ್ನೋಟಕ್ಕೆ ಹತ್ತಿ, ಒಳಗೆಲ್ಲ ಉಕ್ಕಿನ ಸ್ಪ್ರಿಂಗು. ಎಷ್ಟೇ ಒತ್ತಿದರೂ ಮರುಕ್ಷಣವೇ ಮೊದಲಿನ ಆಕಾರ! ಚೌಕಾಸಿಗೆ ಬಗ್ಗುವ ಪೈಕಿಯಲ್ಲ. ಮದುವೆಯಾದ ಹೊಸದರಲ್ಲಿ ಮಾವನವರಿಗೆ ಫೋನ್ ಮಾಡಿ ದೂರಿದ್ದೆ. ಅವರು ನಿಟ್ಟುಸಿರು ಬಿಟ್ಟು, “ನಮ್ಮ ಕೈಲೂ ಆಗಿಲ್ಲ ಅಳಿಯಂದಿರೇ, ನೀವೇ ಸ್ವಲ್ಪ ಬಗ್ಗಿ” ಎಂದಿದ್ದರು.

ಇಂಥವಳ ಎದುರು ನಿಂತು ನಾನೊಂದು ಘೋಷಣೆ ಹೊರಡಿಸಿದೆ.

“ಎಲೆಕ್ಟ್ರಿಕ್ ಕಾರು ತಗೊಳ್ಳೋದು ಖಂಡಿತ. ಆದ್ರೆ ಈಗಲ್ಲ! ಅದಕ್ಕೆ ಹೊಸ ವಿನ್ಯಾಸ ಬರ್ತಿದೆ. ಮೂವತ್ತು ವರ್ಷ ಊರಿಗೆಲ್ಲ ಹಳೇ ಸ್ಟಾಕು ದಾಟಿಸಿದೋನು ನಾನು. ನನಗೇ ಹಳೇ ಸ್ಟಾಕು ದಾಟಿಸೋ ಗಂಡು ಇನ್ನೂ ಹುಟ್ಟಿಲ್ಲ!”

“ಆ ಗಂಡು ನಿಧಾನವಾಗಿ ಹುಟ್ಲಿ ರೀ. ನನ್ನ ಕೆಲಸಕ್ಕೆ ಕಾರು ಯಾವಾಗ ಹುಟ್ಟುತ್ತೆ?” ಎಂದಳು.

ಅವಳು ಫಿಸಿಯೋಥೆರಪಿಸ್ಟ್. ಊರಾಚೆಯ ವೃದ್ಧಾಶ್ರಮವೊಂದರಲ್ಲಿ ಅವಳಿಗೆ ಹೊಸದಾಗಿ ಕೆಲಸ ಸಿಕ್ಕಿತ್ತು. ವಾರಕ್ಕೆ ಐದು ದಿನ, ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಹಾಜರಿರಬೇಕು. ಅಲ್ಲಿನ ಮೇಲ್ವಿಚಾರಕಿ ಮೊದಲ ದಿನವೇ ಹೇಳಿದ್ದರಂತೆ: ಮೂರು ಸಲ ತಡವಾದರೆ ಕೆಲಸ ಬೇರೆಯವರಿಗೆ. ನಮ್ಮ ಹಳೆಯ ಪೆಟ್ರೋಲ್ ಕಾರಿನ ಕೃಪೆಯಿಂದ ಆಗಲೇ ಒಂದು ಸಲ ತಡವಾಗಿತ್ತು.

ಆ ಕಾರನ್ನು ಮನೆಯಲ್ಲಿ ‘ಅಜ್ಜಿ’ ಎನ್ನುತ್ತೇವೆ. ಹೊಸದು ಬರುವುದು ಖಾತ್ರಿಯಾದ ಮೇಲೆ ಅಜ್ಜಿಗೇಕೆ ಔಷಧ ಎಂದು ನಾನು ರಿಪೇರಿಯನ್ನೆಲ್ಲ ನಿಲ್ಲಿಸಿಬಿಟ್ಟೆ. ವೈಪರ್ ಕೈಕೊಟ್ಟಿತು. “ಮಳೆಗಾಲ ದೂರ ಇದೆ” ಎಂದೆ. ಹಾರನ್ ಸತ್ತಿತು. “ನೀನಿದ್ದೀಯಲ್ಲ” ಎಂದೆ. ಒಂದೊಂದಾಗಿ ನಾಲ್ಕೂ ಬಾಗಿಲು ತೆರೆಯುವುದನ್ನೇ ಬಿಟ್ಟವು. ಅಂದಿನಿಂದ ನನ್ನ ಹೆಂಡತಿ ಎಡಬದಿಯಿಂದಲೋ ಬಲಬದಿಯಿಂದಲೋ ಅಲ್ಲ, ಹಿಂದಿನ ಡಿಕ್ಕಿಯಿಂದ ಒಳಹೊಕ್ಕು, ಸೀಟುಗಳನ್ನು ದಾಟಿ ಸ್ಟೀರಿಂಗಿಗೆ ತಲುಪತೊಡಗಿದಳು. “ನಿನ್ನದೇ ವ್ಯಾಯಾಮದ ಕಸುಬು, ಮೈಗೂ ಒಳ್ಳೇದು” ಎಂದೆ. ಅವಳು ನೋಡಿದ ನೋಟಕ್ಕೆ ಅಜ್ಜಿಯ ಬ್ಯಾಟರಿ ತಾನಾಗಿಯೇ ಚಾರ್ಜ್ ಆಗಿರಬೇಕು!

ಹೊಸ ವಿನ್ಯಾಸಕ್ಕೆ ಕಾಯಲು ನನಗೊಂದು ಗಟ್ಟಿ ಕಾರಣವೂ ಇತ್ತು. ನಮ್ಮ ಕಾರ್ ಶೆಡ್ಡು ಅಂಗೈಯಗಲ. ಎಡಗೋಡೆಗೆ ಬಟ್ಟೆ ಒಗೆಯುವ ಯಂತ್ರ, ನೀರಿನ ಪಂಪು, ಒಂದು ಕಪಾಟು. ಬಲಗೋಡೆ ಮಾತ್ರ ಖಾಲಿ. ಈಗ ಮಾರುತ್ತಿರುವ ಎಲೆಕ್ಟ್ರಿಕ್ ಕಾರಿಗೆ ಚಾರ್ಜ್ ಹಾಕುವ ಕಿಂಡಿ ಇರುವುದು ಎಡಗಡೆ. ನಮಗೆ ಬೇಕಾದದ್ದು ಬಲಗಡೆ!

ಅಷ್ಟರಲ್ಲಿ ನನ್ನ ಭಾವಮೈದ, ಅಂದರೆ ಅವಳ ತಮ್ಮ, ಮೊಬೈಲಿಗೊಂದು ಫೋಟೊ ಕಳಿಸಿದ. ಮೈತುಂಬ ಕಪ್ಪುಬಿಳುಪು ಸ್ಟಿಕ್ಕರು ಅಂಟಿಸಿಕೊಂಡ ಕಾರೊಂದು ಚಾರ್ಜ್ ಆಗುತ್ತ ನಿಂತಿದೆ. ಅದರ ಹಿಂಭಾಗದಲ್ಲಿ ಇವನು ಹಲ್ಲು ಕಿರಿದುಕೊಂಡು ಸೆಲ್ಫಿ ತೆಗೆದುಕೊಂಡಿದ್ದಾನೆ.

“ಭಾವ, ಹೊಸ ಮಾಡೆಲ್ಲೇ ಇದು! ಪರೀಕ್ಷೆಗೆ ರಸ್ತೆಗಿಳಿಸಿದ್ದಾರೆ. ಗುಟ್ಟಾಗಿರ್ಲಿ.”

ಫೋಟೊ ಹಿಗ್ಗಿಸಿದೆ. ನಾನೂ ಹಿಗ್ಗಿದೆ. ಚಾರ್ಜಿನ ವೈರು ಸಿಕ್ಕಿಸಿದ್ದು ಬಲಗಡೆಗೆ!

“ನೋಡು ಮಹಾರಾಯ್ತಿ! ಕಿಂಡಿ ಬಲಕ್ಕೆ ಬಂದಿದೆ. ನಮ್ಮ ಗೋಡೆ ನೋಡಿಯೇ ಮಾಡಿದ ಹಾಗಿದೆ!”

ಅವಳು ಕನ್ನಡಕ ಹಾಕಿಕೊಂಡು ನೋಡಿದಳು. “ಸ್ಟೀರಿಂಗೂ ಆ ಕಡೆಗೆ ಹೋಗಿದೆಯಲ್ರೀ?”

“ಪೂರ್ತಿ ಹೊಸ ವಿನ್ಯಾಸ ಅಂದ್ರೆ ಹಾಗೇ!” ಎಂದೆ. ವ್ಯಾಪಾರಿಗೆ ಉತ್ತರ ತಡವಾಗಬಾರದು. ಅದು ಸರಿಯಾಗಿರಬೇಕೆಂಬ ನಿಯಮ ಎಲ್ಲೂ ಇಲ್ಲ.

ಮಾರನೆಯ ದಿನವೇ ಎಲೆಕ್ಟ್ರಿಷಿಯನ್‌ನನ್ನು ಕರೆಸಿದೆ.

“ಸಾರ್, ಕಾರೆಲ್ಲಿ?”

“ಬರುತ್ತೆ. ನೀನು ಬಲಗೋಡೆಗೆ ಚಾರ್ಜರ್ ಕೂರಿಸು.”

“ಬಂದ ಮೇಲೆ ನೋಡ್ಕೊಂಡು ಹಾಕೋಣ ಸಾರ್. ಕಿಂಡಿ ಆ ಕಡೆ ಇದ್ರೆ ಈ ವೈರು ಎಟುಕಲ್ಲ. ಆಮೇಲೆ ನೀವು ದಿನಾ ರಿವರ್ಸಲ್ಲೇ ಒಳಗೆ ತರ್ಬೇಕಾಗುತ್ತೆ.”

“ನೋಡಪ್ಪಾ, ನಾನು ಜೀವನದಲ್ಲಿ ಹಿಂದೆ ಹೋದೋನೇ ಅಲ್ಲ!” ಎಂದು ಗುಡುಗಿದೆ.

ಇದು ಅಕ್ಷರಶಃ ನಿಜ. ನನಗೆ ರಿವರ್ಸ್ ಬರುವುದಿಲ್ಲ. ಒಮ್ಮೆ ಪ್ರಯತ್ನಿಸಿದಾಗ ನಮ್ಮ ಗೇಟಿನ ಕಂಬ ಬಿತ್ತು. ಇನ್ನೊಮ್ಮೆ ಪಕ್ಕದ ಮನೆಯ ದಂತವೈದ್ಯರ ಏಳು ಹೂಕುಂಡಗಳು ಹೋದವು. ಇವತ್ತಿಗೂ ನಾನು ಕಾರು ಸ್ಟಾರ್ಟ್ ಮಾಡಿದರೆ ಡಾಕ್ಟರು ಬಾಯಿ ತೆರೆದ ರೋಗಿಯನ್ನು ಹಾಗೇ ಬಿಟ್ಟು ಕುಂಡಗಳನ್ನು ಒಳಗಿಡಲು ಓಡಿಬರುತ್ತಾರೆ.

ಚಾರ್ಜರ್ ಬಂತು. ಕಾರಿಲ್ಲದ ಶೆಡ್ಡಿನಲ್ಲಿ ಅದರ ಹಸಿರು ದೀಪ ಹಗಲಿರುಳೂ ಮಿಣುಕುತ್ತಿತ್ತು. ಒಂದು ತಿಂಗಳಾಯಿತು, ಎರಡಾಯಿತು. ಶೋರೂಮಿಗೆ ಭಾನುವಾರ ಭಾನುವಾರ ಹೋಗಿ, ಸೀಟಿನಲ್ಲಿ ಕೂತು, ಎದ್ದು, “ಹೊಸದು ಯಾವಾಗ?” ಎಂದು ಕೇಳಿ ಬರುತ್ತಿದ್ದೆ. ಅಲ್ಲಿನ ಹುಡುಗಿ ಮೊದಲ ವಾರ ಕಾಫಿ ಕೊಟ್ಟಳು, ಎರಡನೇ ವಾರ ನೀರು ಕೊಟ್ಟಳು, ಮೂರನೇ ವಾರ ಬರೀ ನಗು ಕೊಟ್ಟಳು. ಮನೆಯಲ್ಲಿ ಹೆಂಡತಿ ಚಾರ್ಜರಿನ ವೈರಿನ ಮೇಲೆ ಟವೆಲ್ ಒಣಹಾಕತೊಡಗಿದಳು.

“ಏ, ಅದು ಆಧುನಿಕ ತಂತ್ರಜ್ಞಾನ ಕಣೇ!”

“ಹೌದು ರೀ. ಟವೆಲ್ ಚೆನ್ನಾಗಿ ಒಣಗುತ್ತೆ.”

ಅಜ್ಜಿ ಎರಡನೇ ಸಲವೂ ಕೈಕೊಟ್ಟಳು. ಅಂದು ಹೆಂಡತಿ ಎಂಟೂಕಾಲಿಗೆ ತಲುಪಿದಳಂತೆ. ರಾತ್ರಿ ಊಟಕ್ಕೆ ಕೂತವಳು ನನ್ನೊಡನೆ ಜಗಳವಾಡಲಿಲ್ಲ. ತಟ್ಟೆಯ ಕಡೆ ನೋಡುತ್ತ ಒಂದೇ ಮಾತು ಹೇಳಿದಳು: “ಅಲ್ಲೊಬ್ಬರು ತಾತ ಇದ್ದಾರೆ. ಹೋದ ವಾರ ನನ್ನ ಕೈ ಹಿಡ್ಕೊಂಡು ನಾಲ್ಕು ಹೆಜ್ಜೆ ಹಾಕಿದ್ರು. ಇನ್ನೊಂದು ಸಲ ತಡ ಆದ್ರೆ ಐದನೇ ಹೆಜ್ಜೆ ನೋಡೋಕೆ ನಾನಿರಲ್ಲ.”

ನನಗೆ ಚುರುಕ್ಕೆಂದಿತು. ಆದರೂ ವ್ಯಾಪಾರಿಯ ಬುದ್ಧಿ ಬಿಟ್ಟೀತೇ? “ಇನ್ನೊಂದೇ ತಿಂಗಳು!” ಎಂದೆ.

ಮರುದಿನ ಅಂಗಡಿಗೆ ನಮ್ಮ ಖಾಯಂ ಮೇಷ್ಟ್ರು ಬಂದರು. ನಿವೃತ್ತರು. ನಾಲ್ಕು ತಿಂಗಳಿಂದ ಪ್ರತಿ ಶುಕ್ರವಾರ ಬಂದು, ಒಂದೇ ಹಾಸಿಗೆಯ ಮೇಲೆ ಹತ್ತು ನಿಮಿಷ ಮಲಗಿ, “ಯೋಚಿಸ್ತೀನಿ” ಎಂದು ಎದ್ದು ಹೋಗುವವರು. ಆ ಹಾಸಿಗೆಯಲ್ಲಿ ಅವರ ಆಕಾರದ ತಗ್ಗೇ ಬಿದ್ದಿತ್ತು!

“ಇದಕ್ಕೆ ಹೊಸ ಡಿಸೈನ್ ಬರುತ್ತಂತಲ್ಲ? ಕಾಯೋಣ ಅಂತ” ಎಂದು ಮಲಗಿದಲ್ಲಿಂದಲೇ ರಾಗ ಎಳೆದರು.

ನನಗೆ ರೇಗಿತು. ಜೊತೆಗೆ ವಾಗ್ದೇವಿ ನಾಲಿಗೆಯ ಮೇಲೆ ಬಂದು ಕುಳಿತಳು. “ಮೇಷ್ಟ್ರೇ! ಹೊಸ ಡಿಸೈನ್ ಬರುತ್ತೆ, ಯಾರು ಇಲ್ಲ ಅಂದ್ರು? ಅದು ಬಂದ ದಿನವೇ ಅದಕ್ಕಿಂತ ಹೊಸದರ ಸುದ್ದಿ ಬರುತ್ತೆ. ನಿಮ್ಮ ಬೆನ್ನು ನೋಯ್ತಿರೋದು ಇವತ್ತು. ನಿದ್ದೆ ಬೇಕಾಗಿರೋದು ಇವತ್ತು. ಮುಂದಿನ ಮಾಡೆಲ್ ಬರೋವರೆಗೂ ನೋವೇನು ರಜೆ ಹಾಕುತ್ತಾ? ಬೇಕಾದಾಗ ಕೊಳ್ಳೋನು ಜಾಣ, ಕಾಯ್ತಾ ಕೂರೋನು ಶುದ್ಧ...”

‘ಪೆದ್ದ’ ಎನ್ನುವಷ್ಟರಲ್ಲಿ ಬಾಗಿಲಿನಿಂದ ಚಪ್ಪಾಳೆ ಕೇಳಿಸಿತು.

ತಿರುಗಿ ನೋಡಿದರೆ ಹೆಂಡತಿ! ಮೊಣಕೈಗೆ ಮಸಿ, ಹಣೆಯಲ್ಲಿ ಬೆವರು. ಕೆಲಸ ಮುಗಿಸಿ ಬರುವಾಗ ಅಜ್ಜಿ ನಮ್ಮ ಅಂಗಡಿಯ ತಿರುವಿನಲ್ಲೇ ಕೊನೆಯುಸಿರೆಳೆದಿದ್ದಳು.

“ಎಷ್ಟು ಚೆನ್ನಾಗಿ ಹೇಳಿದ್ರಿ! ತಗೊಂಡ್ಬಿಡಿ ಮೇಷ್ಟ್ರೇ, ಇವರ ಮಾತು ನಂಬಿ. ನೋಡಿ, ನಾನೂ ನಂಬಿದೆ” ಎಂದು ಅಲ್ಲೇ ಫೋನ್ ತೆಗೆದಳು. “ಹಲೋ, ಶೋರೂಮಾ? ಈಗಿರೋ ಮಾಡೆಲ್ಲೇ ಕೊಡಿ. ಹೌದು, ಇವತ್ತೇ ಬುಕ್ ಮಾಡ್ಕೊಳ್ಳಿ. ಯಜಮಾನ್ರು ಪಕ್ಕದಲ್ಲೇ ಇದ್ದಾರೆ, ಅವರೇ ಹೇಳಿದ್ದು.”

ಮೇಷ್ಟ್ರು ಎದ್ದು ಕೂತು ನನ್ನ ಮುಖವನ್ನೇ ನೋಡುತ್ತಿದ್ದರು. ಇಲ್ಲ ಎಂದರೆ ನಾಲ್ಕು ತಿಂಗಳ ಗಿರಾಕಿ ಕೈಬಿಡುತ್ತದೆ. ಹೌದು ಎಂದರೆ ಬಲಗೋಡೆ ಕೈಬಿಡುತ್ತದೆ!

“ಹೌದು, ಹೌದು” ಎಂದೆ. ದನಿ ನನ್ನದೇ ಇರಬೇಕು.

“ಭೇಷ್! ಹೇಳಿದ ಹಾಗೆ ನಡೆಯೋ ವ್ಯಾಪಾರಿ! ಹಾಗಾದ್ರೆ ನನಗೂ ಇದನ್ನೇ ಕಟ್ಟಿ” ಎಂದರು ಮೇಷ್ಟ್ರು.

ಕಾರು ಬಂತು. ಸದ್ದೇ ಇಲ್ಲದ, ಆಕಾಶದ ಬಣ್ಣದ ಚೆಂದದ ಕಾರು. ನಾನು ಮೂತಿ ಮುಂದಾಗಿ ಶೆಡ್ಡಿಗೆ ನುಗ್ಗಿಸಿದೆ. ಕಿಂಡಿ ಎಡಗಡೆ, ಚಾರ್ಜರ್ ಬಲಗಡೆ. ವೈರನ್ನು ಜಗ್ಗಿದೆ, ಕಾರಿನ ಮೇಲೆ ಹಾಯಿಸಿದೆ, ಕೆಳಗೆ ತೂರಿಸಿದೆ. ಒಂದು ಗೇಣು ಸಾಲದು! ಹೆಂಡತಿ ಬೀಗದ ಕೈಗೆ ಕೈ ಚಾಚಿದಳು. ಹೊರಗೊಯ್ದು, ತಿರುಗಿಸಿ, ಒಂದೇ ಏಟಿಗೆ ಹಿಂದು ಹಿಂದಾಗಿ ಒಳತಂದು ನಿಲ್ಲಿಸಿದಳು. ಕಿಂಡಿ ಸೀದಾ ಚಾರ್ಜರಿನ ಬಾಯಿಗೆ! ಬೇಲಿಯಾಚೆ ಕುಂಡ ಹಿಡಿದು ನಿಂತಿದ್ದ ದಂತವೈದ್ಯರು ಮೂವತ್ತೆರಡೂ ಹಲ್ಲು ತೋರಿಸಿದರು.

“ಹೊಸ ಮಾಡೆಲ್ ಆಗಿದ್ರೆ ಈ ಫಜೀತಿಯೇ ಇರ್ತಿರ್ಲಿಲ್ಲ” ಎಂದು ಗೊಣಗಿದೆ.

ಹೋದ ವಾರ ಆ ಹೊಸ ಮಾಡೆಲ್ಲೂ ಬಂತು. ಇಬ್ಬರೂ ನೋಡಲು ಹೋದೆವು. ದೀಪಗಳನ್ನು ಸಣ್ಣ ಮಾಡಿದ್ದಾರೆ. ನಿದ್ದೆಗೆಟ್ಟ ಗಿರಾಕಿಯ ಕಣ್ಣಿನ ಹಾಗಿವೆ. ಉಳಿದದ್ದೆಲ್ಲ ಮೊದಲಿನಂತೆ. ಸ್ಟೀರಿಂಗ್ ಇದ್ದಲ್ಲೇ ಇದೆ. ಕಿಂಡಿ? ಎಡಗಡೆಗೇ!

“ಅನ್ಯಾಯ! ಫೋಟೊದಲ್ಲಿ ಬಲಗಡೆ ಇತ್ತಲ್ಲ?”

ಹೆಂಡತಿ ನನ್ನ ಮೊಬೈಲು ತೆಗೆದುಕೊಂಡು ಆ ಸೆಲ್ಫಿಯನ್ನು ನನ್ನ ಮೂಗಿನ ಹತ್ತಿರ ಹಿಡಿದಳು. “ನನ್ನ ತಮ್ಮ ವಾಚು ಕಟ್ಟೋದು ಯಾವ ಕೈಗೆ?”

“ಎಡಗೈಗೆ.”

“ಇಲ್ಲಿ?”

ಇಲ್ಲಿ ಬಲಗೈಯಲ್ಲಿತ್ತು. ಸೆಲ್ಫಿ, ಕನ್ನಡಿಯ ಹಾಗೆ, ಇಡೀ ಲೋಕವನ್ನೇ ತಿರುವಿಹಾಕಿತ್ತು. ನಾನು ಮೂರು ತಿಂಗಳು ಕಾದದ್ದು ಕಾರಿಗಲ್ಲ, ಕಾರಿನ ಪ್ರತಿಬಿಂಬಕ್ಕೆ!

ಈಗ ದಿನವೂ ಸಂಜೆ ಅಂಗಡಿಯಿಂದ ಬಂದು ಕಾರನ್ನು ಗೇಟಿನ ಹೊರಗೆ ನಿಲ್ಲಿಸಿ, ಬೀಗದ ಕೈ ಹಿಡಿದು ಮೆಟ್ಟಿಲ ಬಳಿ ಕಾಯುತ್ತೇನೆ. ಬೆಳಗಿನ ಪಾಳಿ ಮುಗಿಸಿ ಅದೇ ಕಾರನ್ನು ನನ್ನ ಅಂಗಡಿಗೆ ತಂದುಕೊಟ್ಟು ಹೋದವಳು, “ಬಂದ್ರಾ, ಹಿಂದೆ ಹೋಗದ ಶೂರರು?” ಎಂದು ನಗುತ್ತ ಇಳಿದುಬರುತ್ತಾಳೆ. ಮೂರನೇ ಸಲ ತಡವಾಗಲೇ ಇಲ್ಲ. ಆ ತಾತ ನಿನ್ನೆ ಹನ್ನೊಂದು ಹೆಜ್ಜೆ ಹಾಕಿದರಂತೆ.

‘ನೀನು ಹೇಳಿದ್ದೇ ಸರಿ’ ಎಂಬ ಮಾತನ್ನು ನಾನು ಅವಳಿಗೆ ಇನ್ನೂ ಹೇಳಿಲ್ಲ. ಅದೊಂದು ಬಾಕಿ ನಾನು ಅವಳಿಗೆ ಕೊಡಬೇಕಾಗಿದೆ.