ಬೌದ್ಧರಿಗೆ ಹೋಳಿಗಿ ನಡೀತೈತೇನು?

ಆದೋನಿ ಹತ್ತಿ ವ್ಯಾಪಾರಿ ಏಕಾಂತಪ್ಪಗ ಹೋಳಿಗಿ ಅಂದ್ರ ಪ್ರಾಣ. ಅವತ್ತು ಅವನ ಹೇಣ್ತಿ ಮಹಾಂತಮ್ಮ ಹನ್ನೆರಡು ಹೋಳಿಗಿ ಮಾಡಿಟ್ಟಿದ್ಲು. ಮಧ್ಯಾಹ್ನ ಊಟಕ್ಕ, ಹತ್ತಿ ಖರೀದಿಗೆ ಬಂದಿದ್ದ ಜಪಾನ್ ಸಾಹೇಬ ಬರಾಂವ ಇದ್ದ.

"ಸಾಹೇಬ ಬೌದ್ಧ ಅಂತ ಮೂರು ದಿನದಿಂದ ಹೇಳಾಕತ್ತೀನಿ!" ಅಂದ ಏಕಾಂತಪ್ಪ. " ಬೌದ್ಧರು ಸಿಹಿ ಮುಟ್ಟಂಗಿಲ್ಲ. ಉಪ್ಪಿಲ್ಲದ ಅಂಬಲಿ ಕಾಸು."

"ಯಾರು ಹೇಳಿದ್ರು ನಿಮಗ?"

"ಅಂಗಡ್ಯಾಗ ಕ್ಯಾಲೆಂಡರ್ ಐತಲ್ಲ, ಬುದ್ಧನ ಪಕ್ಕೆಲುಬು ಎಣಿಸಬೌದು. ದೇವರೇ ಹಂಗಿದ್ರ ಭಕ್ತರು ಹೆಂಗಿರಬೇಕು? ಆಸೇನ ಇಲ್ಲದ ಮಂದಿ!"

"ಮತ್ತ ಹೋಳಿಗಿ?"

"ನೆಲುವಿನ್ಯಾಗ ಇಡು. ಸಂಜಿಕ ನಾ ನೋಡ್ಕೋತೀನಿ." (ಆಸಿ ಬಿಡಬೇಕಾದವರು ಬೌದ್ಧರು. ಏಕಾಂತಪ್ಪ ಅಲ್ಲ.)

ಇಷ್ಟ ಅಲ್ಲ, ಜೀವ ಕೊಂದ ಮನಿಯಾಗ ಬೌದ್ಧರು ಕಾಲಿಡಂಗಿಲ್ಲ ಅಂತ ಮೂರು ದಿನದಿಂದ ತಗಣಿ ಕೊಲ್ಲಾಕೂ ಬಿಟ್ಟಿರಲಿಲ್ಲ. ತಗಣಿಗಳು ಮಕ್ಕಳು ಮರಿ ಸಮೇತ ಸುಖವಾಗಿದ್ವು. ಏಕಾಂತಪ್ಪ ಬೆನ್ನು ಕೆರಕೋತ ಪುಣ್ಯ ಗಳಿಸ್ತಿದ್ದ.

ಸಾಹೇಬ ಬಂದ. ಅಂವ ಮಾತಾಡೂದು ಹರಕು ಮುರುಕು ಹಿಂದೂಸ್ತಾನಿ. ಜಟಕಾ ಹೊಡಿಯೂ ದಸ್ತಗಿರಿಗೆ ಅದು ಬರ್ತಿತ್ತು, ಮಾತು ತಿರುವಿ ಹೇಳಾಕ ಅವನ್ನೂ ಒಳಗ ಕರಕೊಂಡ್ರು. ಸಾಹೇಬ ಕುರ್ಚ್ಯಾಗ ಕುಂತ, ಟಣ್ಣಂತ ಎದ್ದ, ತಗಣಿ ಹಿಡದು ಉಗುರಿನ್ಯಾಗ ಚಟಕ್ ಅನಿಸಿದ.

"ಶಿವನೇ! ದಸ್ತಗಿರಿ, ಪಾಪ ಬರಂಗಿಲ್ಲೇನು ಕೇಳೋ!"

"ತಪ್ಪು ಖರೆ ಅಂತಾರ್ರಿ ಸಾವ್ಕಾರ್ರ. ಆದ್ರ ಮೊದ್ಲ ಕಡದಿದ್ದು ಅದ ಅಂತ."

ಅಂಬಲಿ ಬಂತು. ಸಾಹೇಬ ಒಂದು ಗುಟುಕು ಕುಡದು ದಸ್ತಗಿರಿ ಕಿವ್ಯಾಗ ಏನೋ ಅಂದ.

"ಮನಿಯಾಗ ಯಾರಿಗೆ ಆರಾಮಿಲ್ಲ ಅಂತ ಕೇಳ್ತಾರ್ರಿ."

ಅಡಿಗಿ ಮನಿ ಬಾಗಿಲಾಗ ನಿಂತಿದ್ದ ಮಹಾಂತಮ್ಮಗ ತಡೀಲಿಲ್ಲ. ಸೀದಾ ಹೋಗಿ ನೆಲುವು ಇಳಿಸಿ, ಹೋಳಿಗಿ ಮ್ಯಾಲ ಬಿಸಿ ತುಪ್ಪ ಸುರದು ತಂದ್ಲು. ಏಕಾಂತಪ್ಪ ಕಣ್ಣು ಮಿಟುಕಿಸಿದ, ಕೆಮ್ಮಿದ, ಕಾಲು ಝಾಡಿಸಿದ. (ಕಾಲು ದಸ್ತಗಿರಿಗೆ ತಾಗಿತು.)

ಸಾಹೇಬ ಆದೋನಿಯಾಗ ಕಲಿತಿದ್ದು ತೆಲುಗಿನ ಒಂದ ಮಾತು. ಯಾವಾಗ ಇನ್ನೊಂದು ಬೇಕೋ ಅವಾಗ ಅನ್ನೂ ಮಾತು.

"ಇಂಕೊಕಟಿ!"

ಆಕಿ ಹಾಕಿದ್ಲು.

"ಇಂಕೊಕಟಿ!"

ಏಳು ಹೋದ್ವು. ಎಂಟು ಹೋದ್ವು. ಏಕಾಂತಪ್ಪ ಉಳದದ್ದನ್ನ ಬೆರಳು ಮಡಚಿ ಎಣಿಸಿದ. "ದಸ್ತಗಿರಿ, ಇವರ ಬುದ್ಧ ಉಪವಾಸ ಇದ್ದ ಅಲ್ಲೇನು ಕೇಳೋ!"

"ಇದ್ದಂತ್ರಿ. ಬರೇ ಎಲುಬಾದನಂತ, ಜ್ಞಾನ ಬರಲಿಲ್ಲಂತ. ಆಮ್ಯಾಲ ಒಬ್ಬ ಹೆಣ್ಣಮಗಳು ಪಾಯಸ ಕೊಟ್ಲಂತ. ಉಂಡು ಮರದ ಬುಡಕ ಕುಂತ, ಜ್ಞಾನ ಬಂತು. ನಿಮ್ಮ ಕ್ಯಾಲೆಂಡರ್ ಊಟಕ್ಕಿಂತ ಮೊದಲಿಂದು ಅಂತಾರ್ರಿ. ಮತ್ತ ಅಂವ ದೇವರೂ ಅಲ್ಲಂತ, ಗುರು ಅಂತ."

"ಕೇಳಿದ್ರೇನು?" ಅಂದ್ಲು ಮಹಾಂತಮ್ಮ, ಮುಖ ಹೋಳಿಗಿ ಹಂಗ ಅರಳಿಸಿ. "ಹೆಣ್ಣಮಗಳು!"

ಹನ್ನೊಂದನೇ ಹೋಳಿಗಿ ಮುಗಿಸಿ ಸಾಹೇಬ ಸಾಕಂತ ಕೈ ಮುಗದ. ಏಕಾಂತಪ್ಪಗ ಹೋದ ಜೀವ ಬಂತು. ಒಂದು ಉಳೀತು! ಅಷ್ಟರಾಗ ಮಹಾಂತಮ್ಮ ಒಂದು ಎಲಿ ಹಾಕಿ ಅದನ್ನ ದಸ್ತಗಿರಿಗೆ ಬಡಿಸಿದ್ಲು.

"ಎಷ್ಟು ಚೆಂದ ಹೇಳಿದ್ಯೋ ತಮ್ಮಾ. ಉಣ್ಣು."

"ಮತ್ತ ನನಗ?" ಅಂದ ಏಕಾಂತಪ್ಪ.

ಆಕಿ ಸಾಹೇಬ ಬಿಟ್ಟ ಅಂಬಲಿ ಪಾತ್ರಿ ಅವನ ಮುಂದ ಸರಿಸಿದ್ಲು.

"ಉಪ್ಪು ಹಾಕ್ಲೇನ್ರಿ? ಏನು, ಆ ಆಸೀನೂ ಬಿಟ್ಟೀರೋ?"