ದೇವರ ಅಪ್ಪಣಿ, ನಮ್ಮವರ ಹಟ

ಪಾದ್ರಿಯ ಕೈಹಿಡಿದ ಹೆಂಗಸಿಗೆ ವಾರಕ್ಕೊಂದು ಫಜೀತಿ ತಪ್ಪಿದ್ದಲ್ಲ. ಬೇರೆ ಗಂಡಸರು ಹೆಂಡತಿ ಮಾತು ಕೇಳದಿದ್ದರೆ "ನನ್ನ ಮರ್ಜಿ" ಅನ್ನುತ್ತಾರೆ. ನಮ್ಮವರು "ದೇವರ ಅಪ್ಪಣಿ" ಅನ್ನುತ್ತಿದ್ದರು. ಮರ್ಜಿಯಾದರೆ ಜಗಳ ತೆಗೆಯಬಹುದು, ಅಪ್ಪಣೆಯ ಜೊತೆ ಏನು ಜಗಳ?

ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳು ಅವು. ಔರಾದ ಸೀಮೆಯ ಒಂದು ಹಳ್ಳಿಯಲ್ಲಿ ನಮ್ಮವರು ಪಾದ್ರಿ. ಚರ್ಚಿನ ಪಡಸಾಲೆಯಲ್ಲಿ ನಾನು ಮಕ್ಕಳಿಗೆ ಸಾಲಿ ನಡೆಸುತ್ತಿದ್ದೆ. ಊರವರಿಗೆಲ್ಲ ನಾನು ಅಕ್ಕೋರು.

ಅಮೀನರ ನಿದ್ದೆ

ಒಂದು ಭಾನುವಾರ ಪೊಲೀಸ್ ಅಮೀನರು ಊರೂರು ತಿರುಗಿ ನೋಡುವ ದೌರಾದ ಮೇಲೆ ನಮ್ಮೂರಿಗೆ ಬಂದರು. ಅವರ ಮಂಚ, ಗಂಟು, ಹುಕ್ಕಾ ಎಲ್ಲವನ್ನೂ ಮುಂದಿನ ಊರಿಗೆ ಬಿಟ್ಟಿಯಾಗಿ ಹೊರಬೇಕಾದವರು ನಮ್ಮ ಚರ್ಚಿನ ಬಡವರೇ. ಅದು ಮೊದಲಿನಿಂದ ನಡೆದು ಬಂದ ರಿವಾಜು. ಪಟೇಲರು ಚರ್ಚಿನ ಬಾಗಿಲಿಗೆ ಬಂದು ಕೂಗಿದರು: "ಪಾದ್ರಿಯವರ, ನಾಕು ಮಂದಿ ಕಳಸ್ರಿ. ಅಮೀನ್ ಸಾಹೇಬ್ರು ಕಾಯ್ಲತ್ತಾರ."

ನಮ್ಮವರು ಪುಸ್ತಕದಿಂದ ತಲೆ ಎತ್ತಲಿಲ್ಲ. "ಇವತ್ತ ಇವ್ರನ್ನ ದೇವರು ಕರದಾನ್ರಿ. ಅವನ ಕೆಲಸ ಮುಗೀಲಿ."

"ಅಮೀನರ ಹುಕುಂ ಅಂದ್ರ ಸಣ್ಣದೇನ್ರಿ?"

"ಸಣ್ಣದಲ್ಲರಿ. ಎರಡನೇದು."

ಪಟೇಲರು ಆ ಮಾತನ್ನು ಉಪ್ಪು ಖಾರ ಹಚ್ಚಿ ಮುಟ್ಟಿಸಿರಬೇಕು. ಅಮೀನರು ಬೂಟು ಬಡಿಯುತ್ತ ಸ್ವತಃ ಬಂದರು. ಅದೇ ಹೊತ್ತಿಗೆ ಸಭೆಯವರೆಲ್ಲ ಪ್ರಾರ್ಥನೆಗೆ ಎದ್ದು ನಿಂತರು. ತಮಗಾಗಿಯೇ ಎದ್ದರೆಂದು ತಿಳಿದ ಅಮೀನರ ಮೀಸೆ ಸಡಿಲಾಯಿತು. "ಬೈಠೋ, ಬೈಠೋ" ಎಂದು ಕೈಯಾಡಿಸಿ, ಮುಂದಿದ್ದ ಒಂದೇ ಕುರ್ಚಿಯಲ್ಲಿ ತಾವೂ ಕುಳಿತರು.

ಇವರು ಪ್ರಸಂಗ ಶುರು ಮಾಡಿದರು. ಆದಾಮನಿಂದ ಹೊರಟು ನೋಹನ ನಾವೆ ಹತ್ತುವಷ್ಟರಲ್ಲಿ ಅಮೀನರ ಗದ್ದ ಎದೆಗೆ ಇಳಿದಿತ್ತು. ಇವರು ನಿಲ್ಲಿಸಲಿಲ್ಲ. ಬಿಸಿಲು ಏರಿತು, ಕೂಸುಗಳು ಅತ್ತವು. ಮೋಶೆ ಸಮುದ್ರ ದಾಟುವಾಗ ಅಮೀನರ ಗೊರಕೆ ಹೊರಗಿನ ಕುದುರೆಗೂ ಕೇಳಿಸಿತು. ಕೊನೆಗೆ ಎಚ್ಚರಾಗಿ ಕಣ್ಣೊರೆಸಿಕೊಂಡು ಅಂದರು: "ಪಾದ್ರಿ ಸಾಬ್, ದೌರಾ ಶುರು ಆದಾಗಿಂದ ಹಿಂಗ ನಿದ್ದಿ ಬಂದಿದ್ದಿಲ್ಲ. ಇವರನ್ನ ಬಿಡ್ರಿ, ಸಾಮಾನು ನನ್ನ ಸಿಪಾಯಿಗಳೇ ಹೊರ್ತಾರ."

ಬಿಟ್ಟಿ ತಪ್ಪಿತು. ಅದು ದೇವರ ಮಹಿಮೆ ಎಂದು ಇವರು ಬಹಳ ದಿನ ಹೇಳಿಕೊಂಡು ತಿರುಗಿದರು. ಇವರ ಪ್ರಸಂಗಕ್ಕೆ ಆ ಗುಣ ಇರುವುದು ನನಗೆ ಮದುವೆಯಾದ ವರ್ಷದಿಂದಲೇ ಗೊತ್ತಿತ್ತು.

ಬಿಟ್ಟು ಹೋಗುವುದೋ, ಇರುವುದೋ

ಮುಂದೆ ಕಾಲ ಕೆಟ್ಟಿತು. ನಿಜಾಮರ ಪರವೆಂದು ಹೇಳಿಕೊಂಡು ಖಾಕಿ ತೊಟ್ಟ ತಂಡಗಳು ಬಂದೂಕು ಹಿಡಿದು ಊರೂರು ತಿರುಗತೊಡಗಿದವು. ಇಂದು ಆ ಊರಲ್ಲಿ ಮನೆ ಸುಟ್ಟರಂತೆ, ನಾಳೆ ಈ ಊರಿಗೆ ಬರುತ್ತಾರಂತೆ ಎಂಬ ಸುದ್ದಿ. ಜನ ಬಂಡಿ ಕಟ್ಟಿಕೊಂಡು ಗಡಿ ದಾಟುತ್ತಿದ್ದರು. ಭಾಲ್ಕಿಯಿಂದ ನಮ್ಮಣ್ಣನೂ ಬಂಡಿ ಹೊಡೆದುಕೊಂಡು ಬಂದ.

"ಭಾವ, ಈಗಿಂದೀಗ ಏಳ್ರಿ. ಜೀವ ಇದ್ರ ಚರ್ಚು ಆಮ್ಯಾಲ ಕಟ್ಕೋಬಹುದು."

ಇವರು ಒಳಗೆ ಹೋಗಿ ಮೊಣಕಾಲೂರಿ ಪ್ರಾರ್ಥನೆ ಮಾಡಿ ಬಂದರು. "ಇಲ್ಲೇ ಇರು ಅಂತ ಅಪ್ಪಣಿ ಆಗ್ಯದ. ಮಂದಿ ಅಂಜಿ ಕುಂತಾಗ ಕುರುಬ ಮೊದಲು ಓಡಿದ್ರ ಹ್ಯಾಂಗ?"

ಅಣ್ಣ ನನ್ನ ಕಡೆ ತಿರುಗಿದ. "ನೀ ಏನಂತಿ?"

ನನಗೆ ಇವರ ಮೇಲೆ ಸಿಟ್ಟು ನೆತ್ತಿಗೇರಿತ್ತು. "ಅಪ್ಪಣಿ ನಿಮಗಾಯ್ತು, ನನಗೇನಾರ ಆಯ್ತೇನು?" ಎಂದೆ.

"ನೀನೂ ಹೋಗಿ ಕೇಳು. ನಿನಗ ಅವ ಬ್ಯಾರೆ ದೇವರೇನು?"

ಹೋಗಿ ಕಣ್ಣು ಮುಚ್ಚಿ ಕುಳಿತೆ. ಎಷ್ಟು ಕಿವಿಗೊಟ್ಟರೂ ಕೇಳಿದ್ದು ಕೊಟ್ಟಿಗೆಯಲ್ಲಿ ನಮ್ಮ ಎಮ್ಮೆ ಒದರುವುದೊಂದೇ. ದಿನ ತುಂಬಿದ ಎಮ್ಮೆ, ಇವತ್ತೋ ನಾಳೆಯೋ ಈಯುವುದಿತ್ತು. ಅದನ್ನು ಯಾರ ಕೈಯಲ್ಲಿ ಬಿಡಲಿ? ಎದ್ದು ಬಂದು ನಾನೂ ಒಲ್ಲೆ ಎಂದೆ.

ಬಂಡಿ ಹತ್ತುತ್ತ ಅಣ್ಣ ಹಣೆ ಬಡಿದುಕೊಂಡ: "ಗಂಡಗ ದೇವರು ತಡದ, ಹೆಂಡತಿಗಿ ಎಮ್ಮಿ ತಡೀತು. ಇಂಥವರ ನಡುವ ನಾ ಎಲ್ಲಿಂದ ಬುದ್ಧಿ ಹೇಳ್ಲಿ?"

ಒಳಗ ಯಾರದಾರ?

ಖಾಕಿ ತಂಡ ನಮ್ಮೂರಿಗೂ ಬಂತು. ಚಂದಾ ಕೇಳಿದಾಗ ಕೊಡಲಿಲ್ಲವೆಂದು ಕಿರಾಣಿ ಅಂಗಡಿಯ ಸಾವುಕಾರನ ಮೇಲೆ ಅವರ ಕಣ್ಣು. ಲಿಂಗಾಯತರವ, ಮೈಯಿಂದ ದಪ್ಪ, ಮನಸ್ಸಿಂದ ಪುಕ್ಕಲ. ಹಿತ್ತಿಲಿಂದ ಓಡಿಬಂದು "ಪಾದ್ರಿಯವರ, ಉಳಿಸ್ರಿ" ಎಂದು ಇವರ ಕಾಲು ಹಿಡಿದ. ಅವನನ್ನು ದನದ ಹೊಟ್ಟು ತುಂಬಿದ ಕೋಣೆಗೆ ತಳ್ಳಿ ಬಾಗಿಲು ಹಾಕಿದೆವು.

ನನಗೆ ಹೊರಗಿನವರಿಗಿಂತ ನಮ್ಮವರದೇ ಭಯ. ಸುಳ್ಳು ಹೇಳುವುದು ಇವರ ಜನ್ಮದಲ್ಲಿಲ್ಲ. "ಇವತ್ತೊಂದು ದಿನ..." ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಖಾಕಿಯವರು ಅಂಗಳಕ್ಕೆ ಬಂದಾಗಿತ್ತು.

ಬಂದೂಕು ಹೆಗಲಿಗೇರಿಸಿದ್ದ ಮುಖಂಡ ಕೇಳಿದ: "ಒಳಗ ಯಾರರ ಅದಾರೇನು?"

"ಅದಾರ," ಅಂದರು ನಮ್ಮವರು.

ನಾನು ಓಡಿಬಂದು ಇವರ ಹಿಂದೆ ನಿಂತೆ.

"ಕರಿ ಹೊರಗ!"

"ಕರಿಯೂದಿಲ್ಲ. ಸುಳ್ಳು ಹೇಳಬ್ಯಾಡ ಅಂತ ನನ್ನ ದೇವರ ಅಪ್ಪಣಿ ಅದ. ನಂಬಿ ಬಂದವರನ್ನ ಬಿಟ್ಟುಕೊಡಬ್ಯಾಡ ಅಂತನೂ ಅದ. ಎರಡೂ ನಡಸ್ತೇನಿ. ನೀವು ಗುಂಡು ಹಾಕೂದಿದ್ರ ಮೊದಲು ನನಗ ಹಾಕ್ರಿ."

ಆ ಮುಖಂಡ ಹೋದ ಹೋದ ಮನೆಯಲ್ಲೆಲ್ಲ "ಯಾರೂ ಇಲ್ಲ" ಎಂಬ ಮಾತನ್ನೇ ಕೇಳಿ ಬಂದವನು. ಇದ್ದಾರೆ, ಕೊಡುವುದಿಲ್ಲ ಎಂದವರು ಇವರೊಬ್ಬರೇ. ಒಳಗೆ ಬಂದೂಕಿನವರೇ ಅಡಗಿರಬೇಕೆಂದು ಅವನಿಗೆ ಅನುಮಾನ ಹುಟ್ಟಿತು. ಸಂಗಡಿಗರ ಕಿವಿಯಲ್ಲಿ ಏನೋ ಹೇಳಿ, ಎರಡು ಹೆಜ್ಜೆ ಹಿಂದೆ ಸರಿದು ಕೇಳಿದ: "ಒಳಗ ಹತ್ಯಾರ ಅದಾವೇನು?"

ಇವರು ಇಲ್ಲೂ ಪ್ರಾಮಾಣಿಕರೇ. ಒಂದು ಗಳಿಗೆ ಯೋಚಿಸಿ ಅಂದರು: "ಒಂದು ಕುಡಗೋಲು ಅದ, ಒಂದು ಒನಕಿ ಅದ. ಮತ್ತ ನನ್ನ ಹೆಂಡತಿ ಅದಾಳ."

ಖಾರ ಕುಟ್ಟುತ್ತಿದ್ದ ಒನಕೆ ನನ್ನ ಕೈಯಲ್ಲೇ ಇತ್ತು. ಖಾರದ ಘಾಟಿಗೆ ನನ್ನ ಕಣ್ಣು ಕೆಂಡದಂತೆ ಕೆಂಪಾಗಿದ್ದವು. ಮುಖಂಡ ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದ. "ಇನ್ನಷ್ಟು ಮಂದಿ ಕರಕೊಂಡು ಬರ್ತೇವಿ" ಎಂದು ಎಲ್ಲರನ್ನೂ ಹಿಂದಕ್ಕೆ ಕರೆದುಕೊಂಡು ಹೋದ. ಅವರು ತಿರುಗಿ ಬರುವಷ್ಟರಲ್ಲಿ ಸಾವುಕಾರ ಗಡಿ ದಾಟಿದ್ದ.

ಆದರೆ ಹೊರಡುವ ಮುಂಚೆ, ಮೈತುಂಬ ಹೊಟ್ಟು ಮೆತ್ತಿಕೊಂಡು, ಸೀನುತ್ತ ಸೀನುತ್ತ ಅವನು ಕೇಳಿದ್ದು ಇಷ್ಟು: "ಪಾದ್ರಿಯವರ, ನಿಮಗ ಭಾಳ ಪುಣ್ಯ ಬರಲಿ. ಖರೇ ಹೇಳೂದು ಹೇಳಿದ್ರಿ, ಅದನ್ನ ಅಷ್ಟು ಜೋರಾಗಿ ಯಾಕ ಹೇಳಿದ್ರಿ?"

ಬಿಸಿನೀರು

ಆಮೇಲೆ ಪೊಲೀಸ್ ಆಕ್ಷನ್ ಆಯಿತು. ದಿಲ್ಲಿಯ ಫೌಜು ಬಂತು, ನಿಜಾಮರ ಆಳ್ವಿಕೆ ಮುಗಿಯಿತು. ಮೊದಲು ಅಂಜಿದ್ದವರು ಈಗ ಕೊಡಲಿ ಹಿಡಿದರು. ಖಾಕಿಯವರು ಎಂದೋ ಓಡಿಹೋಗಿದ್ದರು, ಸಿಟ್ಟು ಬಂದು ಎರಗಿದ್ದು ಏನೂ ಅರಿಯದ ಬಡ ಮುಸಲ್ಮಾನರ ಮೇಲೆ.

ನಮ್ಮೂರ ದರ್ಜಿ, ನಮ್ಮವರ ನಿಲುವಂಗಿ ಹೊಲಿದು ಕೊಡುತ್ತಿದ್ದ ಸಾಧು ಮನುಷ್ಯ, ತುಂಬು ಬಸುರಿ ಹೆಂಡತಿಯನ್ನೂ ಅತ್ತೆಯನ್ನೂ ಕರೆದುಕೊಂಡು ನಮ್ಮ ಮನೆಗೆ ಬಂದ. ನಮ್ಮವರು ಸಭೆಯ ಕೆಲಸಕ್ಕೆ ಬೀದರಿಗೆ ಹೋಗಿದ್ದರು. ಬಂದ ಸ್ವಲ್ಪ ಹೊತ್ತಿಗೇ ಆಕೆಗೆ ನೋವು ಶುರುವಾಯಿತು. ಅಂಗಳದಲ್ಲಿ ಗದ್ದಲವೂ ಶುರುವಾಯಿತು.

ಬಾಗಿಲು ತೆರೆದೆ. ಕೊಡಲಿ, ಬಡಿಗೆ ಹಿಡಿದ ಗುಂಪು. ಮುಂದೆ ನಿಂತವನು ಊರ ಪೈಲ್ವಾನ, ನನ್ನ ಸಾಲಿಯಲ್ಲಿ ಮಗ್ಗಿ ಕಲಿಯಲಾರದೆ ಕಿವಿ ಹಿಂಡಿಸಿಕೊಂಡವನು.

"ಅಕ್ಕೋರ, ದರ್ಜಿನ್ನ ಹೊರಗ ಕಳಸ್ರಿ. ನಿಮಗೇನೂ ಮಾಡೂದಿಲ್ಲ."

ಹೊಸ್ತಿಲಿಗೆ ಅಡ್ಡ ನಿಂತೆ. ಏನು ಮಾಡಲಿ ಎಂದು ದೇವರನ್ನು ಕೇಳುವ ಅಗತ್ಯ ನನಗೆ ಕಾಣಲಿಲ್ಲ. ಅವನ ಅಪ್ಪಣೆ ಒಳಗೆ ನರಳುತ್ತ ಮಲಗಿತ್ತು.

"ಒಳಗ ಹೆಣ್ಮಗಳು ಹಡೀಲತ್ತಾಳ," ಎಂದೆ. "ನಿಮ್ಮವ್ವ ನಿನ್ನ ಹಡಿಯೂ ಮುಂದ ಬಾಗಿಲಾಗ ಯಾರರ ಕೊಡ್ಲಿ ಹಿಡಕೊಂಡು ನಿಂತಿದ್ರೇನೋ?"

ಪೈಲ್ವಾನ ಕೊಡಲಿಯನ್ನು ಬೆನ್ನ ಹಿಂದೆ ಸರಿಸಿದ.

ಅಷ್ಟರಲ್ಲಿ ಒಳಗಿಂದ ದರ್ಜಿಯ ಅತ್ತೆ ಕೂಗಿದಳು, "ಗರಂ ಪಾನಿ ಲಾವೋ!" ಮಳೆಗೆ ನಮ್ಮ ಕಟ್ಟಿಗೆಯೆಲ್ಲ ತೊಯ್ದಿತ್ತು. ಒಲೆಯಲ್ಲಿ ಹೊಗೆಯೇ ಹೊರತು ಬೆಂಕಿಯಿಲ್ಲ. ನನಗೆ ಎಲ್ಲಿಂದ ಆ ಸಿಟ್ಟು ಬಂತೋ!

"ಬಾಯಿ ತಕ್ಕೊಂಡು ಏನ್ ನೋಡ್ತೀರಿ? ಬಡಿಗಿ ಕೆಳಗಿಡ್ರಿ! ನೀನು, ಬಾವಿಯಿಂದ ನೀರು ತಾ. ನೀವಿಬ್ರು, ಎದುರಿನ ಚಹಾದಂಗಡಿ ಒಲಿ ಹಚ್ಚಸ್ರಿ. ಪೈಲ್ವಾನ, ಕಾದ ನೀರು ನೀ ತರಬೇಕು. ಓಡು!"

ಸಾಲಿಯಲ್ಲಿ ಒಮ್ಮೆಯೂ ನನ್ನ ಮಾತು ಕೇಳದವರು ಅಂದು ಕೇಳಿದರು. ಕೊಡಲಿಗಳು ಗೋಡೆಗೆ ಒರಗಿದವು, ಕೊಡಗಳು ಹೆಗಲೇರಿದವು. ಸ್ವಲ್ಪ ಹೊತ್ತಿಗೆ ಒಳಗೆ ಕೂಸು ಅತ್ತಿತು. ಹೊರಗಿದ್ದವರು ಒಂದೇ ದನಿಯಲ್ಲಿ ಕೇಳಿದರು: "ಗಂಡೋ, ಹೆಣ್ಣೋ?"

ಹೆಣ್ಣು. ಆ ಮೂವರು, ಅಲ್ಲ, ಕೂಸು ಸೇರಿ ನಾಲ್ವರೂ ಗಲಾಟೆ ತಣ್ಣಗಾಗುವವರೆಗೆ ನಮ್ಮ ಮನೆಯಲ್ಲೇ ಇದ್ದರು. ಒಬ್ಬರೂ ಅವರ ತಂಟೆಗೆ ಬರಲಿಲ್ಲ.

ಕೂಸಿನ ಸ್ನಾನಕ್ಕೆ ಇನ್ನೊಂದು ಕೊಡ ನೀರು ತರಹೇಳಿದ ಹೊತ್ತಿಗೇ ನಮ್ಮವರು ಬೀದರಿನಿಂದ ಬಂದದ್ದು. ದೂರದಿಂದಲೇ ಅಂಗಳ ತುಂಬ ಜನ, ಗೋಡೆಗೆ ಕೊಡಲಿಗಳ ಸಾಲು ಕಂಡಿವೆ. ಎಲ್ಲ ಮುಗಿದೇಹೋಯಿತು ಎಂದುಕೊಂಡು ಓಡಿಬಂದು, ಚಹಾದಂಗಡಿಗೂ ನಮ್ಮ ಬಾಗಿಲಿಗೂ ನಡುವಿನ ಕೆಸರಲ್ಲೇ ಮೊಣಕಾಲೂರಿ, ಎರಡೂ ಕೈ ಮೇಲೆತ್ತಿ, "ನಿನ್ನ ಚಿತ್ತದಂತೆಯೇ ಆಗಲಿ ತಂದೆಯೇ" ಎಂದು ಅಳುತ್ತ ಪ್ರಾರ್ಥನೆ ಶುರು ಮಾಡಿದರು.

ಎದುರಿಗೆ ಹೊಗೆಯಾಡುವ ಕೊಡ ಹೊತ್ತ ಪೈಲ್ವಾನ, ಆ ಕಡೆಯೂ ದಾಟಲಾರದೆ ಈ ಕಡೆಯೂ ದಾಟಲಾರದೆ ತಕತಕ ಕುಣಿಯುತ್ತಿದ್ದ.

"ಪಾದ್ರಿಯವರ, ಪ್ರಾರ್ಥನಾ ಆಮ್ಯಾಲ ಮಾಡ್ರಿ, ಮೊದಲು ದಾರಿ ಬಿಡ್ರಿ! ನೀರು ಆರಿದ್ರ ಅಕ್ಕೋರು ನನ್ನ ಕಿವಿ ಕಿತ್ತು ಕೈಗೆ ಕೊಡ್ತಾರ!"