ವಾದಿರಾಜ ಕಾಕಾನ ನಿಷ್ಪಕ್ಷಿ

“ಇದಕ್ಕ ಎಡಾ ಇಲ್ಲ, ಬಲಾ ಇಲ್ಲ!” ಎಂದು ವಾದಿರಾಜ ಕಾಕಾ ಎದೆಯುಬ್ಬಿಸಿ ಘೋಷಿಸಿದರು.

ನಾನು ಯಂತ್ರದ ಸುತ್ತ ಒಂದು ಪ್ರದಕ್ಷಿಣೆ ಹಾಕಿ ನೋಡಿದೆ. ಎಡವೂ ಇತ್ತು, ಬಲವೂ ಇತ್ತು. ಇಲ್ಲದೇ ಇದ್ದದ್ದು ಹಿಂದು ಮುಂದು! ಕೆಟ್ಟುಹೋದ ಮಿಕ್ಸರಿನ ಹೊಟ್ಟೆ, ನೆತ್ತಿಯ ಮೇಲೆ ಕಿರಾಣಿ ಅಂಗಡಿಯ ತಕ್ಕಡಿ, ಪಕ್ಕಕ್ಕೆ ಚುನಾವಣಾ ಪ್ರಚಾರದ ಆಟೋದಿಂದ ಬಿಚ್ಚಿ ತಂದ ಹಾರ್ನು. ಕಾಕಾ ಅದಕ್ಕೆ ‘ನಿಷ್ಪಕ್ಷಿ’ ಎಂದು ಹೆಸರಿಟ್ಟಿದ್ದರು. ಪಕ್ಷವೂ ಇಲ್ಲದ, ಪಕ್ಷಿಯೂ ಅಲ್ಲದ ಒಂದು ಪ್ರಾಣಿ.

ವಾದಿರಾಜ ಕಾಕಾ ನಮ್ಮ ಪಕ್ಕದ ಮನೆಯವರು. ಪಾಲಿಟೆಕ್ನಿಕ್ಕಿನ ಪ್ರಯೋಗಶಾಲೆಯಿಂದ ನಿವೃತ್ತರಾದ ಮೇಲೆ ಪ್ರಯೋಗಗಳನ್ನು ನಮ್ಮ ಮೇಲೆ ಮುಂದುವರಿಸಿದವರು. ಇದಕ್ಕೂ ಮೊದಲು, ಹಾಲು ಉಕ್ಕುವ ಮುನ್ನ ಎಚ್ಚರಿಸುವ ಗಂಟೆಯೊಂದನ್ನು ಮಾಡಿದ್ದರು. ಅದು ಹಾಲೆಲ್ಲ ಉಕ್ಕಿ ಹೋದ ಮೇಲೆ ಸಂತಾಪ ಸೂಚಿಸುವವರಂತೆ ಮೆಲ್ಲಗೆ ಬಾರಿಸುತ್ತಿತ್ತು. ಧಾರವಾಡದ ನಮ್ಮ ಸುಮುಖ ನಗರದ ವಾಟ್ಸಾಪ್ ಗ್ರೂಪಿಗೂ ಅವರೇ ಅಡ್ಮಿನ್. ಹೆಸರಿಗೆ ಸುಮುಖ ನಗರ. ವಾರ್ಡಿನ ಚುನಾವಣೆ ಬಂದದ್ದೇ ತಡ, ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಗ್ರೂಪಿನಲ್ಲಿ ಅರ್ಧ ಜನ ಛತ್ರಿ ಪಕ್ಷ, ಇನ್ನರ್ಧ ಕುಕ್ಕರ್ ಪಕ್ಷ.

ನನ್ನ ಪ್ರಾರಬ್ಧವೆಂದರೆ, ಛತ್ರಿ ಪಕ್ಷದ ದೊಡ್ಡ ಬಾಯಿ ನಮ್ಮಪ್ಪ ಹಂಚಿನಮನಿಯವರು. ಕುಕ್ಕರ್ ಪಕ್ಷದ ದೊಡ್ಡ ಸೀಟಿ ಕೊಟಬಾಗಿಯವರು. ಆ ಕೊಟಬಾಗಿಯವರ ಮಗ ಚನ್ನವೀರನ ಜೊತೆಗೇ ನನ್ನ ಮದುವೆ ಮಾತಾಗಿತ್ತು! ಬರುವ ರವಿವಾರ ಸಕ್ಕರೆ ಶಾಸ್ತ್ರ. ಹಿರಿಯರು ಎರಡೂ ಕಡೆಯವರ ಒಪ್ಪಿಗೆ ಕೇಳಿ, ಬೀಗರು ಪರಸ್ಪರ ಬಾಯಿಗೆ ಸಕ್ಕರೆ ಹಾಕಿದರೆ ಸಂಬಂಧ ಗಟ್ಟಿ. ಕೊಟಬಾಗಿಯವರು ಮೊದಲೇ ಹೇಳಿ ಕಳಿಸಿದ್ದರು: “ರವಿವಾರದ ತನಕಾ ನಿಮ್ಮಪ್ಪ ಗ್ರೂಪಿನ್ಯಾಗ ನನಗ ಬೈಲಿಲ್ಲ ಅಂದ್ರ ಲಗ್ನ. ಬೈದ್ರ ಇಲ್ಲ.” ಅಪ್ಪನ ಉತ್ತರವೂ ಸಿದ್ಧವಾಗಿತ್ತು: “ಅವರು ಬೈಲಿಲ್ಲ ಅಂದ್ರ ನಾನೂ ಬೈಯಂಗಿಲ್ಲ. ಆದ್ರ ಅವರು ಬೈತಾರ!”

ಅದಕ್ಕೇ ನಾನು ಗ್ರೂಪಿನ ಬೈಗುಳ ನಿಲ್ಲಿಸಿರೆಂದು ಕಾಕಾನ ಕಾಲು ಹಿಡಿದದ್ದು, ಅವರು ಈ ಯಂತ್ರ ಮಾಡಿದ್ದು.

“ಯಾವುದು ಪಕ್ಷಪಾತ ಅಂತ ಈ ಮಿಕ್ಸರಿಗೆ ಹೆಂಗ ಗೊತ್ತಾಗತೈತಿ ಕಾಕಾ?”

“ಭಾಳ ಸರಳ ಅದ, ಅಂಬಿ. ಓದಿದ ಕೂಡಲೆ ಒಂದು ಪಕ್ಷದವರಿಗೆ ಹೊಟ್ಟಿ ಉರಿದರ ಅದು ಪಕ್ಷಪಾತ. ಇಬ್ಬರಿಗೂ ಉರಿದರ ಅದು ಸುದ್ದಿ!”

ಪರೀಕ್ಷೆಗೆಂದು ನಾನು “ಕುಕ್ಕರಿನವರು ಕಳ್ಳರು” ಎಂದು ಗ್ರೂಪಿಗೆ ಹಾಕಿದೆ. ತಕ್ಕಡಿ ಒಂದು ಕಡೆ ವಾಲಿತು, ಹೊಟ್ಟೆ ಗುರ್ರ್ ಎಂದಿತು, ನನ್ನ ಸಂದೇಶ ಮಾಯ!

“ಇದನ್ನ ಬಂದ್ ಮಾಡೋ ಸ್ವಿಚ್ ಎಲ್ಲೈತ್ರಿ?”

“ಸ್ವಿಚ್ಚೇ ಇಲ್ಲ! ಇದ್ದರ ಯಾವುದರೆ ಒಂದು ಪಕ್ಷದವರು ಬಂದು ಒತ್ತಂಗಿಲ್ಲೇನು? ನನ್ನ ದನಿಗೆ ಮಾತ್ರ ಕೇಳ್ತದ ಇದು.”

ಒಳಗಿನಿಂದ ಅವರ ಹೆಂಡತಿ ಮಂದಾಕಿನಿ ಕಾಕು ಕೂಗಿದರು: “ಮನ್ಯಾಗ ಒಬ್ಬರರೆ ನಿಮ್ಮ ಮಾತು ಕೇಳ್ಳಿಕ್ಕೆ ಸಿಕ್ಕರಲ್ಲ, ಛಲೋ ಆತು!”

ಮೊದಲ ದಿನ ಗ್ರೂಪಿನಲ್ಲಿ ಸ್ವರ್ಗಸುಖ. ಶುಭೋದಯದ ಗುಲಾಬಿ ಹೂ ಬಿಟ್ಟರೆ ಬೇರೇನೂ ಉಳಿಯಲಿಲ್ಲ. ಸಂಜೆಗೆ ಅಪ್ಪ ಕಾಕಾನ ಗೇಟು ಬಡಿದರು.

“ವಾದಿರಾಜರ, ಇದು ಕುಕ್ಕರ್ ಯಂತ್ರ! ನಮ್ಮವು ಸಾಲಾಗಿ ಅಳಿಸೈತಿ. ಅವರವು ಅಷ್ಟು ಅಳಿಸಿಲ್ಲ!”

“ನೀವು ಜಾಸ್ತಿ ಬೈದೀರಿ, ಜಾಸ್ತಿ ಅಳಿಸೇದ!”

“ನಾವು ಜಾಸ್ತಿ ಬೈದ್ರ ತಪ್ಪು ಅವರದು. ಅವರು ಜಾಸ್ತಿ ಬೈಸಿಕೊಳ್ಳೋ ಹಂಗ ಇದ್ದಾರ!”

ಕಾಕಾ ಸ್ಕ್ರೂ ತಿರುಗಿಸಿ ಎರಡೂ ಕಡೆ ಸಮ ಅಳಿಸುವಂತೆ ಮಾಡಿದರು. ಅಲ್ಲಿಂದ ಶುರುವಾಯಿತು ಅನರ್ಥ. ನಮ್ಮಪ್ಪ ಬೈದಷ್ಟೂ, ಲೆಕ್ಕ ಸರಿದೂಗಿಸಲು ನಿಷ್ಪಕ್ಷಿ ಕೊಟಬಾಗಿಯವರು ಬರೆದದ್ದನ್ನೆಲ್ಲ ಗುಳುಂ ಮಾಡತೊಡಗಿತು. ಕೊಟಬಾಗಿಯವರ ಮಗಳಿಗೆ ಹೆಣ್ಣು ಮಗು ಹುಟ್ಟಿತ್ತು. ಅವರು ಸಂಭ್ರಮದಿಂದ ಬರೆದರು, ಹೋಯಿತು. ಫೋಟೋ ಹಾಕಿದರು; ಹೋಯಿತು. ಬರೀ ಒಂದು ತೊಟ್ಟಿಲಿನ ಚಿತ್ರ ಹಾಕಿದರು, ಅದೂ ಹೋಯಿತು!

“ನನಗ ಅಜ್ಜ ಆಗೂ ಸ್ವಾತಂತ್ರ್ಯಾನೂ ಇಲ್ಲೇನ್ರೀ ಈ ಗ್ರೂಪಿನ್ಯಾಗ?” ಎಂದು ಅವರು ಗುಡುಗಿದರು. ಅದೂ ಅಳಿಸಿಹೋದ್ದರಿಂದ ನಮಗೆ ಯಾರಿಗೂ ಆಗ ಗೊತ್ತಾಗಲಿಲ್ಲ.

ಮರುದಿನ ಮುಂಜಾನೆ ಉದ್ಯಾನದಲ್ಲಿ ವಾಕ್ ಮಾಡುವವರೆಲ್ಲ ವಾಕ್ ಸ್ವಾತಂತ್ರ್ಯಕ್ಕಾಗಿ ಹೋರಾಟ ಆರಂಭಿಸಿದರು. ಛತ್ರಿಯವರು ಬಲಗಡೆಯಿಂದ ಸುತ್ತು ಹಾಕಿದರು, ಕುಕ್ಕರಿನವರು ಎಡಗಡೆಯಿಂದ. ಪ್ರತಿ ಸುತ್ತಿಗೂ ಎದುರಾಗಿ ಘೋಷಣೆ ಕೂಗಿ, ಏದುಸಿರು ಬಿಟ್ಟು ಮುಂದೆ ಹೋದರು. ವೈದ್ಯರು ಹೇಳಿದಾಗಲೂ ಅಷ್ಟು ನಡೆದವರಲ್ಲ!

“ಅಳಿಸೂದು ತಪ್ಪು ಅಂತ ಈಗ ತಿಳೀತು,” ಎಂದರು ಕಾಕಾ, ಸ್ಕ್ರೂಡ್ರೈವರಿನಿಂದ ತಲೆ ಕೆರೆದುಕೊಳ್ಳುತ್ತ. “ಇನ್ನ ಮ್ಯಾಲೆ ಯಾರದೂ ಅಳಿಸಂಗಿಲ್ಲ. ಯಾರು ಏನರೆ ಅಂದರ, ಅದರ ಎದುರು ಮಾತನ್ನ ನಿಷ್ಪಕ್ಷಿ ಕೂಡಸ್ತದ. ಮಾತಿಗೆ ಮಾತು, ಸಮ ಸಮ!”

“ಆ ಎದುರು ಮಾತು ಯಾರ ದನ್ಯಾಗ ಹೇಳತೈತಿ ಕಾಕಾ?”

“ಅಲ್ಲೇ ಅದ ನೋಡು ಬುದ್ಧಿ! ಬ್ಯಾರೆಯವರ ದನಿ ಆದರ ಅವರ ಜೋಡಿ ಜಗಳಾ ಆಗ್ತದ. ಅದಕ್ಕ ಅವರವರ ದನ್ಯಾಗನ ಹೇಳಸ್ತೀನಿ. ತನ್ನ ಜೋಡಿ ತಾನು ಯಾಂವ ಜಗಳಾಡ್ತಾನ?”

ನಮ್ಮಪ್ಪ ಆಡುತ್ತಾರೆ ಎಂದು ಅವರಿಗೆ ಗೊತ್ತಿರಲಿಲ್ಲ.

ಅಪ್ಪ ಮಧ್ಯಾಹ್ನ ಗ್ರೂಪಿಗೆ ದನಿ ಮುದ್ರಿಸಿ ಕಳಿಸಿದರು: “ಛತ್ರಿ ಪಕ್ಷ ಬಂದ್ರ ಸುಮುಖ ನಗರ ಸಿಂಗಾಪುರ ಆಗತೈತಿ!” ಅದರ ಬೆನ್ನಿಗೇ ಅದೇ ಗಡಸು ಗಂಟಲು, ಅದೇ ಕೆಮ್ಮು: “ಆದ್ರ ಛತ್ರಿ ಪಕ್ಷದಾಗ ಇರೋರೆಲ್ಲಾ ಛತ್ರಿಗಳು!”

“ಯಾಂವಲೇ ಅಂವಾ, ನನ್ನ ದನಿ ಕದ್ದಾಂವ?” ಎಂದು ಚೀರಿದ ಅಪ್ಪ ಮೊದಲು ತಿರುಗಿ ನೋಡಿದ್ದು ನನ್ನ ಕಡೆ. ಕಾಲೇಜಿನಲ್ಲಿ ಪ್ರಿನ್ಸಿಪಾಲರ ದನಿ ತೆಗೆದು ಇಡೀ ಕಾಲೇಜಿಗೆ ರಜೆ ಕೊಡಿಸಿದ ಖ್ಯಾತಿ ನನ್ನದು.

“ನಾ ಅಲ್ಲಪ್ಪಾ! ನನಗ ನಿಮ್ಮ ಕೆಮ್ಮು ಅಷ್ಟು ಛಲೋ ಬರಂಗಿಲ್ಲ!”

ಅಪ್ಪ ತಮ್ಮ ಮಾತಿಗೆ ತಾವೇ ಖಂಡನೆ ಕಳಿಸಿದರು. ನಿಷ್ಪಕ್ಷಿ ಆ ಖಂಡನೆಯನ್ನು ಅವರ ದನಿಯಲ್ಲೇ ಖಂಡಿಸಿತು. ಊಟ ಆರಿಹೋಗುವ ತನಕ ಹಂಚಿನಮನಿಯವರಿಗೂ ಹಂಚಿನಮನಿಯವರಿಗೂ ನಡೆದ ಆ ವಾಗ್ಯುದ್ಧದಲ್ಲಿ ಅಪ್ಪ ಸೋತರು. ಆಚೆ ಬೀದಿಯಲ್ಲಿ ಕೊಟಬಾಗಿಯವರ ದನಿಯಲ್ಲಿ ಕುಕ್ಕರ್ ಪಕ್ಷದ ಮಾನ ಹರಾಜಾಗುತ್ತಿತ್ತು. “ನಳಕ್ಕ ನೀರು ಬಂದೈತ್ರೀ” ಎಂದು ಯಾರೋ ಹೇಳಿದರೆ, “ನೀರು ಬಂದಿಲ್ರೀ” ಎಂದೂ ಅವರೇ ಹೇಳಿದರು. ಅರ್ಧ ಬಡಾವಣೆಯ ಟಾಕಿ ಉಕ್ಕಿತು, ಇನ್ನರ್ಧ ಒಣಗಿತು.

ಶನಿವಾರದ ಹೊತ್ತಿಗೆ ಎಲ್ಲರೂ ಹೆದರಿ ಬಾಯಿ ಮುಚ್ಚಿದರು. ಗ್ರೂಪಿನಲ್ಲಿ ಹೆಬ್ಬೆರಳಿನ ಚಿತ್ರ ಮಾತ್ರ ಓಡಾಡುತ್ತಿತ್ತು. ಒಬ್ಬರಿಗೊಬ್ಬರು ಬೈದದ್ದು ಒಂದೂ ಅಲ್ಲಿ ಉಳಿದಿರಲಿಲ್ಲ. ನನ್ನ ಮದುವೆ ಬದುಕಿತ್ತು!

“ನಾಳೆ ಇದನ್ನ ಮಂಟಪಕ್ಕೂ ತರ್ತೀನಿ,” ಎಂದರು ಕಾಕಾ. “ಗ್ರೂಪಿನ್ಯಾಗ ಬರೀ ಬಾಯಿ ಇರ್ತದ. ಅಲ್ಲೆ ಕೈಯೂ ಇರ್ತಾವ.”

ಬೇಡ ಎನ್ನಬೇಕಿತ್ತು. ಆದರೆ ಅಪ್ಪ ಬೀಗರ ಸ್ವಾಗತಕ್ಕೆಂದು ಛತ್ರಿ ಚಿತ್ರದ ಶಾಲು ಇಸ್ತ್ರಿ ಮಾಡುತ್ತಿರುವುದು ಕಿಟಕಿಯಿಂದ ಕಾಣಿಸಿತು. “ತರ್ರಿ ಕಾಕಾ,” ಎಂದುಬಿಟ್ಟೆ.

ರವಿವಾರ ಮಂಟಪ ತುಂಬಿತ್ತು. ಛತ್ರಿಯವರು ಒಂದು ಕಡೆ, ಕುಕ್ಕರಿನವರು ಒಂದು ಕಡೆ, ನಡುವೆ ಮೇಜಿನ ಮೇಲೆ ನಿಷ್ಪಕ್ಷಿ. ಮಠದ ಅಯ್ಯನವರು ಗಂಟಲು ಸರಿಮಾಡಿಕೊಂಡು ಅಪ್ಪನನ್ನು ಕೇಳಿದರು: “ಹಂಚಿನಮನಿಯವರ, ಈ ಸಂಬಂಧ ನಿಮಗ ಒಪ್ಪಿಗಿ ಐತೇನ್ರಿ?”

“ಪೂರಾ ಒಪ್ಪಿಗಿ ಐತ್ರಿ!”

ತಕ್ಕಡಿ ವಾಲಿತು. ಹಾರ್ನು ಅಪ್ಪನ ದನಿಯಲ್ಲಿ ಗರ್ಜಿಸಿತು: “ಸುತರಾಂ ಒಪ್ಪಿಗಿ ಇಲ್ರಿ!”

ಕೊಟಬಾಗಿಯವರು ಎದ್ದು ನಿಂತರು. “ಏನಂದ್ರಿ?”

“ನಾ ಅಂದಿಲ್ರೀ!” ಎಂದರು ಅಪ್ಪ. “ನಾನೇ ಅಂದದ್ದು!” ಎಂದಿತು ಹಾರ್ನು.

ಅಯ್ಯನವರು ಗಾಬರಿಯಿಂದ ಹುಡುಗನ ಕಡೆ ತಿರುಗಿದರು. ಚನ್ನವೀರ ಸಂಕೋಚದ ಮನುಷ್ಯ. ತಲೆ ತಗ್ಗಿಸಿ “ಹೂಂ” ಎಂದ. ಹಾರ್ನು ಅಷ್ಟೇ ಸಂಕೋಚದಿಂದ “ಉಹೂಂ” ಎಂದಿತು!

ಅವನ ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡರು. ಆಗ ನನ್ನ ಅತಿಬುದ್ಧಿ ಜಾಗೃತವಾಯಿತು. ಯಂತ್ರ ಉಲ್ಟಾ ಹೇಳುತ್ತದೆ. ನಾನೇ ಉಲ್ಟಾ ಹೇಳಿದರೆ ಅದು ಸುಲ್ಟಾ ಹೇಳಬೇಕಲ್ಲವೇ? ಅಯ್ಯನವರು ಕೇಳುವ ಮೊದಲೇ ಎದ್ದು ನಿಂತು, “ನನಗ ಈ ಹುಡುಗ ಬ್ಯಾಡ್ರೀ!” ಎಂದು ಕೂಗಿದೆ.

ಜನ ನನ್ನ ಮಾತನ್ನು ಮೊದಲು ಕೇಳಿಸಿಕೊಂಡರು ಎಂಬುದನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಯಂತ್ರ “ನನಗ ಈ ಹುಡುಗನ ಬೇಕ್ರೀ!” ಎಂದು ಒದರಿದ್ದು ಗದ್ದಲದಲ್ಲಿ ಮುಳುಗಿಹೋಯಿತು. ನಮ್ಮವ್ವ ಚಿವುಟಿದ ರಭಸಕ್ಕೆ ನಾನು ಕುರ್ಚಿಯಲ್ಲಿ ಕೂತೆನೋ ಬಿದ್ದೆನೋ ತಿಳಿಯಲಿಲ್ಲ. ಚನ್ನವೀರ ಕಣ್ಣು ಕಣ್ಣು ಬಿಟ್ಟು ನನ್ನನ್ನೇ ನೋಡಿದ.

“ನಡೀರಿ ಮನಿಗೆ!” ಎಂದು ಕೊಟಬಾಗಿಯವರು ಚಪ್ಪಲಿ ಹುಡುಕತೊಡಗಿದರು.

“ಕಾಕಾ, ಬಂದ್ ಮಾಡ್ರೀ ಅದನ್ನ!”

“ನಿಷ್ಪಕ್ಷಿ, ಬಂದ್ ಆಗು!” ಎಂದರು ಕಾಕಾ.

“ನಿಷ್ಪಕ್ಷಿ, ಬಂದ್ ಆಗಬ್ಯಾಡ!” ಎಂದಿತು ಕಾಕಾನ ದನಿ. ಯಂತ್ರ ತನ್ನ ಯಜಮಾನನ ದನಿಗೆ ವಿಧೇಯವಾಗಿ ಉಳಿಯಿತು.

ಅಡುಗೆಯವನು ಬಂದು “ಊಟ ತಯಾರ್ ಐತ್ರಿ” ಎಂದ. “ಇನ್ನೂ ಆಗಿಲ್ರಿ” ಎಂದೂ ಅಂದ. ಬಂದ ಮಂದಿ ಏಳುವುದು, ಕೂಡುವುದು, ಮತ್ತೆ ಏಳುವುದು!

ಆಗ ಮಂದಾಕಿನಿ ಕಾಕು ಎದ್ದರು. ಶಾಸ್ತ್ರಕ್ಕಿಟ್ಟಿದ್ದ ಸಕ್ಕರೆ ಬಟ್ಟಲಿಗೆ ಕೈ ಹಾಕಿ ಹಿಡಿ ತುಂಬಾ ಎತ್ತಿ, “ಏನರೆ ಹೇಳ್ಳಿಕ್ಕೆ ಬಾಯಿ ತಗದೀರಿ ಹೌದಲ್ಲೊ?” ಎಂದು ಕೊಟಬಾಗಿಯವರ ಬಾಯಿಗೆ ತುರುಕಿದರು. ಇನ್ನೊಂದು ಹಿಡಿ ನಮ್ಮಪ್ಪನ ಬಾಯಿಗೆ. ಮೂರನೆಯದು, ಏನೂ ಅಗತ್ಯವಿಲ್ಲದಿದ್ದರೂ, ತಮ್ಮ ಗಂಡನ ಬಾಯಿಗೆ. ಹೆಂಗಸರೆಲ್ಲ ಸೇರಿ ಸಿಕ್ಕಸಿಕ್ಕವರ ಬಾಯಿ ಸಿಹಿ ಮಾಡಿದರು. ಮಂಟಪ ಗಪ್ಪಾಯಿತು. ಮಾತಿಲ್ಲ, ಹೀಗಾಗಿ ಎದುರು ಮಾತೂ ಇಲ್ಲ. ಅಯ್ಯನವರು ಬೆರಳಿನಲ್ಲೇ ಕೇಳಿದರು: ಒಪ್ಪಿಗೆಯೇ? ಅಪ್ಪ ತಲೆಯಾಡಿಸಿದರು. ಕೊಟಬಾಗಿಯವರೂ ಇನ್ನೇನು ತಲೆಯಾಡಿಸಬೇಕು...

ಯಂತ್ರದ ಹೊಟ್ಟೆ ಗುರ್ರ್ ಎಂದಿತು. ರೈಲು ನಿಲ್ದಾಣದ ಹೆಂಗಸಿನಂತಹ ದನಿಯೊಂದು ಬಂತು: “ದಯವಿಟ್ಟು ಗಮನಿಸಿ. ಸಭೆಯಲ್ಲಿ ಎಲ್ಲರೂ ಮೌನ ಪಕ್ಷಕ್ಕೆ ಸೇರಿದ್ದಾರೆ. ಸಮತೋಲನಕ್ಕಾಗಿ, ಅಳಿಸಲಾದ ಮಾತುಗಳನ್ನು ಬಿಡುಗಡೆ ಮಾಡಲಾಗುವುದು.”

ನಾನು ಕಾಕಾನ ಕಡೆ ನೋಡಿದೆ. ಅವರು ಸಕ್ಕರೆಯ ನಡುವಿನಿಂದ ಗೊಣಗಿದರು: “ಪೂರಾ ಅಳಿಸೂದು ಪಾಪ ಅಂತ... ಒಳಗ ಇಟ್ಟಿದ್ದೆ...”

ಹಾರ್ನು ಬಾಯಿ ಬಿಟ್ಟಿತು. ಅಪ್ಪನ ದನಿ: “ಕೊಟಬಾಗಿ ತಲಿ ಅಂದ್ರ ಅವನ ಪಕ್ಷದ ಕುಕ್ಕರ್ ಇದ್ದಂಗ. ಒಳಗೇನೂ ಬೇಯಂಗಿಲ್ಲ, ಸೀಟಿ ಮಾತ್ರ ಜೋರು!” ಕೊಟಬಾಗಿಯವರ ದನಿ: “ಹಂಚಿನಮನಿ ಥೇಟ್ ಛತ್ರಿ. ಮಳಿ ಬಂದ್ರ ಮನ್ಯಾಗ ಉಳದಿರ್ತಾನ, ಬಿಸಲಿದ್ರ ಬಗಲಾಗ ಇರ್ತಾನ!” ಒಂದರ ಮೇಲೊಂದು, ಒಂದಕ್ಕಿಂತ ಒಂದು! ಇಬ್ಬರ ಮುಖವೂ ಕೆಂಪಾಯಿತು. ಬಾಯಿ ತೆರೆದರೆ ಸಕ್ಕರೆ ಚೆಲ್ಲುತ್ತದೆ. ಜೀವನದಲ್ಲಿ ಮೊದಲ ಸಲ ಇಬ್ಬರೂ ಒಬ್ಬರ ಮಾತನ್ನು ಒಬ್ಬರು ಕೊನೆಯ ತನಕ ಕೇಳಿಸಿಕೊಳ್ಳಬೇಕಾಯಿತು.

ಕೊನೆಗೆ ಕೊಟಬಾಗಿಯವರದೇ ದನಿ, ಈ ಸಲ ಮೆತ್ತಗೆ: “ನನ್ನ ಮಗಳಿಗೆ ಹೆಣ್ಣುಕೂಸು ಹುಟ್ಟೈತ್ರಿ. ಎಲ್ಲಾರೂ ಬಂದು ಹರಸ್ರಿ.” ಒಂದು ಸಲವಲ್ಲ. ಅವರು ಮತ್ತೆ ಮತ್ತೆ ಬರೆದಷ್ಟೂ ಸಲ.

ಅಪ್ಪ ಬೆಚ್ಚಿ ಅವರನ್ನೇ ನೋಡಿದರು. ಆ ಸುದ್ದಿ ನಮ್ಮ ಮನೆಗೆ ಬಂದೇ ಇರಲಿಲ್ಲ. ಅಪ್ಪ ಎದ್ದು ಹೋಗಿ, ತುಂಬಿದ ಬಾಯಲ್ಲೇ, ಎರಡೂ ಕೈ ಜೋಡಿಸಿದರು.

ಕೊಟಬಾಗಿಯವರು ಸಕ್ಕರೆ ಗುಟುಕರಿಸಿದರು. ಮಂಟಪವೆಲ್ಲ ಅವರ ಗಂಟಲನ್ನೇ ನೋಡುತ್ತಿತ್ತು. ಒಳಗಿದ್ದದ್ದನ್ನೆಲ್ಲ ಕಕ್ಕಿದ ನಿಷ್ಪಕ್ಷಿಯ ತಕ್ಕಡಿ ಆಗಷ್ಟೇ ಸಮನಾಗಿ ನಿಂತಿತ್ತು.

“ಅಯ್ಯನವರ, ಇದು ಶುದ್ಧ ಪಕ್ಷಪಾತ!” ಎಂದು ಅವರು ಅಬ್ಬರಿಸಿದರು. “ನಾ ಬೈದದ್ದರಾಗ ಅರ್ಧಾ ಬರಲೇ ಇಲ್ಲ! ಛಲೋ ಛಲೋ ಬೈಗುಳಾ ಎಲ್ಲಾ ನುಂಗೈತಿ!”

ಅಪ್ಪನೂ ಗುಟುಕರಿಸಿದರು. “ನಂದೂ ನುಂಗೈತ್ರೀ! ಸೀಟಿ ಆದ ಮ್ಯಾಲೆ ಗ್ಯಾಸ್ಕೆಟ್ಟಿನ ಮಾತೊಂದಿತ್ತು!”

“ಹೌದಾ? ಏನದು, ಹೇಳ್ರಲ್ಲಾ?”

“ನಿಮ್ಮ ಗ್ಯಾಸ್ಕೆಟ್ ಸಡಿಲಾಗೈತಿ, ಅದಕ್ಕ ಬಾಯಿಂದ ಬರೀ ಉಗಿ ಹೊಂಟೈತಿ ಅಂತ!”

ಕೊಟಬಾಗಿಯವರು ಅದನ್ನು ಒಂದು ಕ್ಷಣ ನಾಲಿಗೆಯ ಮೇಲಿಟ್ಟು ರುಚಿ ನೋಡಿದರು. ಆಮೇಲೆ ಹೊಟ್ಟೆ ಹಿಡಿದು ನಕ್ಕರು. “ಇದನ್ನ ಎದುರಿಗೇ ಅನ್ನೂದಲ್ರಿ ಬೀಗರ! ಗ್ರೂಪಿನ್ಯಾಗ ಯಾಕ ಹಾಳು ಮಾಡಿದ್ರಿ?”

ಬೀಗರು ಎಂದ ಕೂಡಲೇ ಅಪ್ಪನೂ ನಕ್ಕರು. ಅಯ್ಯನವರು ನಕ್ಕರು. ನನ್ನ ಚನ್ನವೀರ ನಕ್ಕ. ಎರಡೂ ಪಕ್ಷಗಳು ಸಕ್ಕರೆ ಉಗುಳಿ ನಕ್ಕವು. ನಿಷ್ಪಕ್ಷಿಯ ತಕ್ಕಡಿ ಒಂದೇ ಕಡೆ ವಾಲಿ ನೆಲಕ್ಕೆ ತಾಗಿತು. ಅಷ್ಟೂ ಜನ ನಗುವಾಗ ಪಾಪ, ಅದಕ್ಕೆ ಉಳಿದದ್ದು ಒಂದೇ ಕೆಲಸ. ಅದು ಅಷ್ಟೂ ಜನರ ದನಿಯಲ್ಲಿ ಹೋ ಎಂದು ಅಳತೊಡಗಿತು! ತಡವಾಗಿ ಬಂದ ನೆಂಟರು ಬಾಗಿಲಲ್ಲೇ ನಿಂತು, ಮದುವೆಯೇ ಮುಗಿದು ಹೆಣ್ಣು ಒಪ್ಪಿಸಿ ಕೊಡುತ್ತಿದ್ದಾರೆಂದು ತಿಳಿದು ತಾವೂ ಅತ್ತರು. ಬ್ಯಾಟರಿ ತೀರುವವರೆಗೂ ಅದು ಬಿಕ್ಕಿತು. ನಾವು ಊಟ ಮಾಡಿದೆವು.

ವಾರ್ಡಿನಲ್ಲಿ ಯಾರು ಗೆದ್ದರು ಅಂತೀರಾ? ಪಕ್ಷೇತರ ಅಭ್ಯರ್ಥಿ. ಆತ ನಮ್ಮ ಗ್ರೂಪಿನಲ್ಲಿಯೇ ಇಲ್ಲ.